ಹಾರ್ಗ್ರೋವನ ಮೊಣಕಾಲು

ಅಮೆರಿಕದ ಪ್ಲೇನ್ಸ್‌ಬರೋದ ಆ ಅಪಾರ್ಟ್‌ಮೆಂಟುಗಳಲ್ಲಿ ಸಾಫ್ಟ್‌ವೇರ್ ಮಾಡದ ಕನ್ನಡದ ಗಂಡಸು ಅಂತ ಇದ್ದವನು ಅಮರೇಶ್ವರ ಒಬ್ಬನೇ. ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಹೆದರಿಸಿದ್ದ ವೈಟುಕೆ ಬಂದು ಹೋಗಿ, ಲೋಕವೇನೂ ಮುಳುಗದೆ, ಡಾಟ್‌ಕಾಂ ಷೇರುಗಳು ಮುಗಿಲು ಮುಟ್ಟಿದ್ದ ಕಾಲ. ಯಾರ ಮನೆಯ ಊಟಕ್ಕೆ ಸೇರಿದರೂ ನಿನ್ನೆ ಮೊನ್ನೆ ವಿಮಾನ ಇಳಿದ ಹುಡುಗರು ಸ್ಟಾಕ್ ಆಪ್ಷನ್ನಿನ ಮಾತೇ ಆಡುತ್ತಿದ್ದರು. ಫಿಸಿಯೋಥೆರಪಿಸ್ಟ್ ಅಮರೇಶ್ವರನ ಹತ್ತಿರ ಅವರಿಗಿದ್ದದ್ದು ಒಂದೇ ಕೆಲಸ. "ಅಂಕಲ್, ಸ್ವಲ್ಪ ಕತ್ತು ನೋಡ್ತೀರಾ? ದಿನಾ ಕಮ್ಯೂಟ್ ಮಾಡಿ ಫುಲ್ ಸ್ಟಿಫ್ ಆಗ್ಬಿಟ್ಟಿದೆ." ತಟ್ಟೆಯಲ್ಲಿ ಅನ್ನ ಆರುತ್ತಿದ್ದರೂ ಅವನು ಎದ್ದು ಹೋಗಿ ನೋಡುತ್ತಿದ್ದ.

ಅಂಥವನ ಮರ್ಯಾದೆ ಅಷ್ಟಿಷ್ಟು ಉಳಿದಿದ್ದರೆ ಅದು ಲೆನ್ನಿ ಹಾರ್ಗ್ರೋವನ ಮೊಣಕಾಲಿನಿಂದ. ಒಂದು ಕಾಲಕ್ಕೆ ಅಮೆರಿಕದ ಹುಡುಗರು ಈ ಬ್ಯಾಸ್ಕೆಟ್‌ಬಾಲ್ ಆಟಗಾರನ ಪೋಸ್ಟರನ್ನು ಮಂಚದ ಮೇಲಿನ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರಂತೆ. ಜಿಗಿದು ಜಿಗಿದು ಕಾಲು ಹೋಗಿ, ಆಪರೇಶನ್ ಕೆಟ್ಟು, ಕೋಲೂರಿಕೊಂಡು ಪ್ರಿನ್ಸ್‌ಟನ್ನಿನಲ್ಲಿ ಇವನಿದ್ದ ಕ್ಲಿನಿಕ್ಕಿಗೆ ಬಂದಿದ್ದ. ಅಮರೇಶ್ವರ ವರ್ಷಗಟ್ಟಲೆ ಆ ಕಾಲನ್ನು ಮಡಿಸಿ, ಚಾಚಿ, ಅವನ ಬೈಗುಳ ತಿಂದು ಅವನನ್ನು ನಡೆಸಿದ. ನಡೆಸಿದ್ದಷ್ಟೇ ಅಲ್ಲ, ಹಳೆಯ ಆಟಗಾರರ ಪಂದ್ಯದಲ್ಲಿ ಟೀವಿಯವರ ಮುಂದೆ ಓಡಿಸಿದ. ಲೆನ್ನಿ ಅವನನ್ನು ಬರೀ "ಡಾಕ್" ಅನ್ನುತ್ತಿದ್ದ. ಒಂದು ದಿನ ಟೇಬಲ್ಲಿನ ಮೇಲೆ ಮಲಗಿದ್ದವನು, "ಡಾಕ್, ನನ್ನ ಜೀವನದ ಪುಸ್ತಕ ಬರ್ತಾ ಇದೆ. ನಿನ್ನ ಹೆಸರು ಹಾಕಿಸ್ತೀನಿ" ಅಂದ.

ಅಮರೇಶ್ವರನ ಕೈ ಅಲ್ಲೇ ನಿಂತಿತು. ಅವನಿಗೆ ನೆನಪಾದದ್ದು ಅಪ್ಪ.

ಕುಷ್ಟಗಿಯಲ್ಲಿ ಎಣ್ಣೆ ಗಿರಣಿ ನಡೆಸುವ ಅವನಪ್ಪ ಸಂಗನಬಸಪ್ಪನವರಿಗೆ ಹೆಸರಿನ ಹುಚ್ಚು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು, ಮಠದ ಗಂಟೆ, ಶಾಲೆಯ ಕೊಠಡಿ, ಎಲ್ಲಿ ನೋಡಿದರೂ ಅವರ ಹೆಸರು. ಮಗ ಎಂಬಿಬಿಎಸ್ ಸೀಟು ಸಿಗದೆ ಫಿಸಿಯೋಥೆರಪಿಗೆ ಸೇರಿದಾಗ ಬಂದವರೆದುರಿಗೆಲ್ಲ, "ಮಂದಿ ಕಾಲು ಒತ್ತೂದು ಕಲೀಲಿಕ್ಕೆ ಹೋಗ್ಯಾನ. ಇವನ ಹೆಸರು ಎಲ್ಲಿ ಬರತೈತಿ?" ಅಂತ ನಗಾಡಿದ್ದರು. ಅಮೆರಿಕಕ್ಕೆ ಬಂದು ಸಿಟಿಜನ್ ಆದರೂ ಆ ಮಾತನ್ನು ಮಗ ಮರೆತಿರಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಅಮರೇಶ್ವರ ಅನ್ನುವ ಹೆಸರಿರಬೇಕು, ಅದನ್ನು ಅಪ್ಪ ಓದಬೇಕು. ಅವನಿಗೆ ಬೇಕಾದದ್ದು ಇಷ್ಟೇ. ತಡೆಯಲಾರದೆ ಆ ವಾರವೇ ಊರಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟ.

ಪುಸ್ತಕ ಬಂದ ದಿನ ಪುಸ್ತಕದಂಗಡಿಯ ಪಾರ್ಕಿಂಗಿನಲ್ಲೇ, ಕಾರಿನೊಳಗೆ ಕೂತು ಕೊನೆಯ ಕೃತಜ್ಞತೆಯ ಪುಟ ತೆಗೆದ. "ನನ್ನ ಮೊಣಕಾಲನ್ನು ನನಗೆ ಮರಳಿ ಕೊಟ್ಟ ಡಾಕ್ಟರ್ ಸಂಗನಬಸಪ್ಪ ಅವರಿಗೆ" ಅಂತಿತ್ತು.

ಊರಲ್ಲಿ ಅವನು ಎಸ್. ಅಮರೇಶ್ವರ. ಅಡ್ಡಹೆಸರಿಲ್ಲದ ಮನೆ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಖಾಲಿ ಬಿಟ್ಟರೆ ವೀಸಾಕ್ಕೆ ತಕರಾರು ಅಂತ ಏಜೆಂಟ್ ಆ 'ಎಸ್' ಬಿಡಿಸಿ ಅಪ್ಪನ ಹೆಸರನ್ನೇ ಅಲ್ಲಿ ತುಂಬಿದ್ದ. ಲೆನ್ನಿಯ ಪುಸ್ತಕ ಬರೆದುಕೊಟ್ಟವನು ಕ್ಲಿನಿಕ್ಕಿಗೆ ಫೋನ್ ಮಾಡಿ ಹೆಸರು ಕೇಳಿದಾಗ ರಿಸೆಪ್ಷನಿಸ್ಟ್ ಆ ಸರ್‌ನೇಮನ್ನೇ ಅಕ್ಷರ ಅಕ್ಷರ ಬಿಡಿಸಿ ಹೇಳಿದ್ದಳು. ಯಾರ ತಪ್ಪೂ ಇಲ್ಲ. ಬೈಯೋಣವೆಂದರೆ ಬೈಯಲಿಕ್ಕೂ ಒಬ್ಬರಿಲ್ಲ.

"ಅದೂ ನಿಮ್ಮ ಹೆಸರಽ ಅಲ್ಲೇನ್ರೀ?" ಅಂದಳು ಹೆಂಡತಿ ಗಿರಿಜಾದೇವಿ. ಮಗಳು ಕೀರ್ತಿ ಟೀವಿಯಿಂದ ಕಣ್ಣು ಕೀಳದೆ, "ಇಟ್ಸ್ ಯುವರ್ ಲಾಸ್ಟ್ ನೇಮ್, ಅಪ್ಪ. ಮೈನ್ ಟೂ. ವಾಟ್ಸ್ ದ ಪ್ರಾಬ್ಲಮ್?" ಅಂದಳು. ಲೆನ್ನಿಯಂತೂ ಹೆಮ್ಮೆಯಿಂದ ಬೀಗುತ್ತಿದ್ದ. "ಅದನ್ನ ಸರಿಯಾಗಿ ಹೇಳೋಕೆ ಎಷ್ಟು ಪ್ರಾಕ್ಟೀಸ್ ಮಾಡಿದೀನಿ ಗೊತ್ತಾ, ಡಾಕ್?" ಅಂದ. ಅಮರೇಶ್ವರ ಥ್ಯಾಂಕ್ಸ್ ಹೇಳಿ ಅವನ ಕಾಲು ಹಿಡಿದು ಕೂತ.

ಊರಿಗೆ ಪುಸ್ತಕ ಕಳಿಸುವುದೇ ಬೇಡ ಅಂತ ತೀರ್ಮಾನ ಮಾಡಿದ. ಆದರೆ ಮೇಲಿನ ಮನೆಯ ಬಸವಪ್ರಸಾದನಿಗೆ ಆಗಲೇ ಉಪಕಾರದ ಬುದ್ಧಿ ಹುಟ್ಟಬೇಕೇ? ಇಷ್ಟು ದಿನ ಬಿಟ್ಟಿ ಕತ್ತು ತೋರಿಸಿಕೊಂಡಿದ್ದವನು, ರಜೆಗೆ ಹೆಂಡತಿಯ ತವರು ಬಾಗಲಕೋಟೆಗೆ ಹೋದಾಗ, ಅಂಕಲ್‌ಗೆ ಸರ್‌ಪ್ರೈಸ್ ಇರಲಿ ಅಂತ ತಾನೇ ಒಂದು ಪ್ರತಿ ಕೊಂಡುಹೋಗಿ, ಕುಷ್ಟಗಿಯತನಕ ಕಾರು ಮಾಡಿಕೊಂಡು ಹೋಗಿ ಸಂಗನಬಸಪ್ಪನವರ ಕೈಗೇ ಕೊಟ್ಟು ಬಂದ.

ಎಂದೂ ತಾವಾಗಿ ಫೋನ್ ಮಾಡದಿದ್ದ ಅಪ್ಪ ಆ ಭಾನುವಾರ ಮಾಡಿದರು.

"ಅಮರಾ, ಪುಸ್ತಕ ಮುಟ್ಟಿತಪಾ. ಕಾಲೇಜಿನ ಇಂಗ್ಲಿಷ್ ಮಾಸ್ತರನ್ನ ಕರೆಸಿ ಓದಿಸೀನಿ. ಡಾಕ್ಟರ್ ಸಂಗನಬಸಪ್ಪ ಅಂತ ಹಾಕ್ಯಾರ! ಬರೂ ಸೋಮವಾರ ಮಠದಾಗ ಸನ್ಮಾನ ಇಟ್ಕೊಂಡಾರ."

"ಯಾರಿಗಪ್ಪಾ?"

"ನನಗ. ಮತ್ತ್ಯಾರಿಗೆ?"

ಅಮರೇಶ್ವರನಿಗೆ ಅಳು ಬಂದ ಹಾಗಾಯಿತು. "ಅಪ್ಪಾ, ಆ ಕಾಲು ನೆಟ್ಟಗ ಮಾಡಿದವ ನಾನು. ಅದು ನನ್ನ ಹೆಸರು" ಅಂದ.

ಅಪ್ಪ, ಸಿಟ್ಟಿಲ್ಲದೆ, ಸಣ್ಣ ಹುಡುಗನಿಗೆ ತಿಳಿಹೇಳುವ ಹಾಗೆ ಅಂದರು: "ಹುಚ್ಚಪ್ಪಾ, ಸಂಗನಬಸಪ್ಪ ಅಂದ್ರ ನಾನಲೇ. ನಿನ್ನ ಹೆಸರು ಪುಸ್ತಕದ ತುಂಬ ಹುಡುಕಿಸೀನಿ. ಎಲ್ಲೂ ಇಲ್ಲ."

"ಹೌದಪ್ಪಾ," ಅಂದ ಅಮರೇಶ್ವರ. "ಇಲ್ಲ."