ಅಬ್ಬಾನ ಅಂಗಾಲು

ಹೆಬ್ಬಾಳದ ಕ್ಲಿನಿಕ್ಕಿನಲ್ಲಿ ಡಾಕ್ಟರು ಅಬ್ಬಾಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ತೆಳ್ಳಗಿನ ನೈಲಾನ್ ಎಳೆಯೊಂದನ್ನು ಅವರ ಅಂಗಾಲಿಗೆ ಅಲ್ಲಲ್ಲಿ ಒತ್ತಿದರು. ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೂಂ ಅನ್ನಬೇಕಿತ್ತು. ಎರಡೂ ಪಾದ ಮುಗಿಸಿ ಡಾಕ್ಟರು ಎಳೆಯನ್ನು ಮೇಜಿನ ಮೇಲಿಟ್ಟ ಮೇಲೆ ಅಬ್ಬಾ ಕೇಳಿದರು, “ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?”

ಯಶವಂತಪುರದ ಮಂಡಿಯಲ್ಲಿ ಜೀವಮಾನವಿಡೀ ನಿಂತೇ ಈರುಳ್ಳಿ ವ್ಯಾಪಾರ ಮಾಡಿದ ಕಾಲುಗಳವು. ಸಕ್ಕರೆ ಕಾಯಿಲೆ ಅವುಗಳ ಸ್ಪರ್ಶವನ್ನೇ ಕಿತ್ತುಕೊಂಡಿತ್ತು. ಅಬ್ಬಾ, ಅಮ್ಮಿ ಇಬ್ಬರೂ ಹಜ್‌ಗೆ ಹೊರಡಲು ಇನ್ನು ಕೆಲವೇ ವಾರಗಳಿದ್ದವು.

“ಅಲ್ಲಿ ನೆಲ ಸುಟ್ರೂ ಇವ್ರಿಗೆ ಗೊತ್ತಾಗಲ್ಲ,” ಎಂದರು ಡಾಕ್ಟರು ನನ್ನ ಕಡೆ ತಿರುಗಿ. “ಗಾಯ ಆಗಿ ಕೀವು ತುಂಬಿದ್ರೆ ಕಾಲು ಉಳಿಸೋದೇ ಕಷ್ಟ. ಪೂರ್ತಿ ಮುಚ್ಚಿರೋ ಶೂ ಹಾಕ್ಸಿ.”

ಹೇಳುವುದು ಸುಲಭ. ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಸುತ್ತಿಕೊಂಡು ಹಜ್ ಯಾತ್ರಿಕರ ವ್ರತವಾದ ಇಹ್ರಾಮ್‌ನಲ್ಲಿರುವಾಗ ಗಂಡಸರು ಶೂ, ಕಾಲುಚೀಲ ಹಾಕುವಂತಿಲ್ಲ. ತೆರೆದ ಚಪ್ಪಲಿ ಮಾತ್ರ. ಹೆಂಗಸರಿಗೆ ಆ ಕಟ್ಟುಪಾಡಿಲ್ಲ. ಕಾಯಿಲೆಯವರಿಗೆ ರಿಯಾಯಿತಿ ಇದೆಯೆಂದು ನಮ್ಮ ಮಸೀದಿಯ ಇಮಾಮರು ಎಷ್ಟು ಹೇಳಿದರೂ ಅಬ್ಬಾ ಒಪ್ಪಲಿಲ್ಲ. “ನಂಗೇನ್ ಕಾಯ್ಲೆ? ಸ್ವಲ್ಪ ಶುಗರ್ ಅಷ್ಟೇ.” ನಮ್ಮ ಮನೆಯಲ್ಲಿ ಕಾಯಿಲೆ ಯಾರಿಗೂ ಇರುವುದಿಲ್ಲ, ಎಲ್ಲರಿಗೂ ಸ್ವಲ್ಪ ಶುಗರ್ ಇರುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಆರ್.ಟಿ. ನಗರದ ಅವರ ಮನೆಗೆ ಹೋದಾಗ ಅಬ್ಬಾ ಕಾಣಲಿಲ್ಲ. ಅಮ್ಮಿ ಈರುಳ್ಳಿ ಹೆಚ್ಚುತ್ತಾ ಮೇಲಕ್ಕೆ ಕೈ ತೋರಿಸಿದರು. ಹತ್ತಿ ನೋಡಿದರೆ, ಉರಿಬಿಸಿಲಿನ ತಾರಸಿಯಲ್ಲಿ ಅಬ್ಬಾ ಬರಿಗಾಲಲ್ಲಿ ನೀರಿನ ಟ್ಯಾಂಕನ್ನು ಸುತ್ತು ಹಾಕುತ್ತಿದ್ದಾರೆ.

“ಕಾಲು ಪಳಗಿಸ್ತಿದೀನಿ ಬೇಟಾ,” ಎಂದು ನಕ್ಕರು. “ಸುಮ್ನೆ ಹೆದರ್ಕೊಂಡಿದ್ವಿ. ನೋಡು, ಒಂಚೂರೂ ಸುಡಲ್ಲ.”

ಚಪ್ಪಲಿ ಕೆಳಗೇ ಬಿಟ್ಟು ಬಂದಿದ್ದ ನಾನು ಎರಡು ಹೆಜ್ಜೆ ಇಡಲಾಗದೆ ಹಾರಿ ಮೆಟ್ಟಿಲಿಗೆ ವಾಪಸಾದೆ. ಅವರನ್ನು ಕರೆದು ಕೂರಿಸಿ ಪಾದ ಎತ್ತಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ದೊಡ್ಡ ಬೊಬ್ಬೆ. ನನಗೆ ಸಿಟ್ಟು ನೆತ್ತಿಗೇರಿತು. ಹಜ್ಜೂ ಬೇಡ, ಏನೂ ಬೇಡ, ಮನೆಯಲ್ಲೇ ಬಿದ್ದಿರಿ ಎಂದು ಕೂಗಾಡಿಬಿಟ್ಟೆ. ಅಬ್ಬಾ ಬೊಬ್ಬೆಯನ್ನು ಮತ್ತೆ ಮತ್ತೆ ಒತ್ತಿ ನೋಡಿದರು, ಯಾರದೋ ಕಾಲು ಎಂಬಂತೆ. ಅವರೂ ಹೆದರಿದ್ದಾರೆಂದು ಆಗ ಗೊತ್ತಾಯಿತು.

ಗದ್ದಲ ಕೇಳಿ ಮೇಲೆ ಬಂದ ಅಮ್ಮಿ, “ನಾನಿರ್ತೀನಲ್ಲ, ನೋಡ್ಕೋತೀನಿ ಬಿಡು,” ಎಂದಷ್ಟೇ ಹೇಳಿದರು.

ಬೊಬ್ಬೆ ಮಾಯಿತು. ದಿನಾ ಸಂಜೆ ಪಾದ ಪರೀಕ್ಷಿಸಬೇಕೆಂಬ ಷರತ್ತಿನ ಮೇಲೆ ಡಾಕ್ಟರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಅಬ್ಬಾಗೆ ದಪ್ಪ ಅಟ್ಟೆಯ ಚಪ್ಪಲಿ, ಮಸೀದಿಯಲ್ಲಿ ಅದು ಕಳೆದುಹೋಗದಂತೆ ಜೊತೆಗೇ ಇಟ್ಟುಕೊಳ್ಳಲು ಬಟ್ಟೆಯ ಚೀಲ, ಅಮ್ಮಿಗೆ ಒಳ್ಳೆಯ ಶೂ ಕೊಂಡೆ. ಯಲಹಂಕದ ಕಡೆಯ ಹಜ್ ಶಿಬಿರದಲ್ಲಿ ಬೀಳ್ಕೊಡುವಾಗ ಉಳಿದವರೆಲ್ಲ ತಮಗಾಗಿ ದುವಾ ಮಾಡಿ ಎಂದು ಕೇಳಿಕೊಳ್ಳುತ್ತಿದ್ದರು. ನಾನು ದಿನಾ ಕಾಲಿನ ಫೋಟೊ ಕಳಿಸಿ ಎಂದೆ.

ಹಾಗಾಗಿ ನೆಂಟರ ಮೊಬೈಲಿಗೆ ಕಾಬಾದ ಚಿತ್ರ ಬಂದರೆ ನನಗೆ ಅಬ್ಬಾನ ಅಂಗಾಲು ಬರುತ್ತಿತ್ತು. ದೊಡ್ಡದು ಮಾಡಿ, ಬೆರಳ ಸಂದಿಯನ್ನೂ ಬಿಡದೆ ನೋಡುತ್ತಿದ್ದೆ. ಕೊಂಚ ತಡವಾದರೂ ಊಟ ಬಿಟ್ಟು ಫೋನ್ ಹಿಡಿದು ಕೂರುತ್ತಿದ್ದೆ. ಎಲ್ಲರೂ ಅರಫಾತ್ ಬಯಲಿನಲ್ಲಿ ಸೇರುವ ದಿನ ಚಿತ್ರ ಬರಲೇ ಇಲ್ಲ, ಫೋನೂ ಹತ್ತಲಿಲ್ಲ. ಬಿಸಿಲಿಗೆ ಅಲ್ಲಿ ಜನ ಕುಸಿದು ಬೀಳುತ್ತಿರುವ ಸುದ್ದಿಯನ್ನು ಟಿವಿಯಲ್ಲಿ ನೋಡಿ ಅದನ್ನು ಆರಿಸಿಬಿಟ್ಟೆ.

ಮರುದಿನ ಚಿತ್ರ ಬಂತು. ಧೂಳು ಹಿಡಿದ ಪಾದಗಳು, ಒಂದು ಗೀರೂ ಇಲ್ಲ. ಅಲ್ಲಾಹನಿಗೆ ಶುಕ್ರ್ ಹೇಳಿ ಫೋನ್ ಇಡುವಷ್ಟರಲ್ಲಿ ಚಿತ್ರದ ಅಂಚು ಕಣ್ಣಿಗೆ ಬಿತ್ತು. ಅಲ್ಲಿ ಇನ್ನೊಂದು ಪಾದವಿತ್ತು. ಚಿಕ್ಕದು, ಅಂಗಾಲಿಗೆಲ್ಲ ಬ್ಯಾಂಡೇಜ್ ಸುತ್ತಿದ್ದು.

ಕೂಡಲೇ ಕರೆ ಮಾಡಿದೆ. “ಅಮ್ಮಿ, ನಾನ್ ಕೊಡ್ಸಿದ ಶೂ ಏನಾಯ್ತು?”

“ಪೆಟ್ಟಿಗೇಲೇ ಇದೆ,” ಎಂದರು ಅಮ್ಮಿ. “ನಮಾಜಿಗೆ ಅಂತ ಇವ್ರು ಚಪ್ಪಲಿ ಬಿಟ್ಟಾಗೆಲ್ಲ ಮೊದ್ಲು ನಾನ್ ಕಾಲಿಡ್ತೀನಿ, ಆಮೇಲೆ ಇವ್ರು. ಶೂ ಹಾಕ್ಕೊಂಡ್ರೆ ನೆಲ ಸುಡೋದು ನಂಗೆ ಹೇಗ್ ಗೊತ್ತಾಗತ್ತೆ?”