ಗುರಿ ಮುಟ್ಟದ ಗುಂಡುಗಳು

ಪರೀಕ್ಷಾ ಮೈದಾನದಲ್ಲಿ ಆ ದಿನ ಹಾರಿಸಿದ ತೋಪಿನ ಗುಂಡುಗಳಲ್ಲಿ ಕೆಲವು ಗುರಿಗಿಂತ ಬಹಳ ಮುಂಚೆಯೇ ನೆಲಕ್ಕೆ ಬಿದ್ದವು. ದುರ್ಬೀನಿನಲ್ಲಿ ಆ ಧೂಳನ್ನು ನೋಡುತ್ತ ನಿಂತಿದ್ದ ನಾನು ಒಂದೊಂದೂ ಬಿದ್ದ ಜಾಗವನ್ನು ಬರೆದುಕೊಂಡೆ.

ಸೈನ್ಯಕ್ಕೆ ಬರುವ ಮದ್ದುಗುಂಡುಗಳ ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಕಚೇರಿಯಲ್ಲಿ ನಾನು ಎಂಜಿನಿಯರ್. ವಿಜಯಪುರದ ಕಡೆಯವಳು, ವರ್ಗವಾಗುತ್ತ ಆಗುತ್ತ ನಾಶಿಕಕ್ಕೆ ಬಂದು ನಿಂತವಳು. ಆ ಗುಂಡುಗಳ ಉಕ್ಕಿನ ಕವಚ ತಯಾರಾದದ್ದು ಛತ್ರಪತಿ ಸಂಭಾಜಿನಗರದ ಒಂದು ಖಾಸಗಿ ಕಾರ್ಖಾನೆಯಲ್ಲಿ. ಅಲ್ಲಿಯವರೆಗೆ ಮೋಟಾರು ಬಿಡಿಭಾಗ ಮಾಡಿಕೊಂಡಿದ್ದ ಅವರಿಗೆ ಸೈನ್ಯದ ಕೆಲಸ ಇದೇ ಮೊದಲು.

ಮುಂದಿನ ವಾರ, ಗುಂಡು ಎಲ್ಲಿಂದ ತರಿಸಬೇಕೆಂದು ತೀರ್ಮಾನಿಸುವ ಸಮಿತಿ ನಾಶಿಕದಲ್ಲಿ ಕೂತಿತು. ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿ ಹೆಚ್ಚು ಮಾತು ಬೆಳೆಸಲಿಲ್ಲ. "ಹೊರದೇಶದಿಂದಲೇ ತರಿಸೋಣ. ಅದು ಎಲ್ಲ ಕಡೆ ಹಾರಿಸಿ ನೋಡಿದ ಮಾಲು. ಇಲ್ಲಿಯವರು ಕಲಿಯುವ ತನಕ ಸೈನ್ಯ ಯಾಕೆ ಕಾಯಬೇಕು?" ಎಂದು ಹಿಂದಿಯಲ್ಲಿ ಕೇಳಿದರು. ಕೊನೆಯ ತೀರ್ಮಾನಕ್ಕೆ ಮೊದಲು ಒಮ್ಮೆ ಕಾರ್ಖಾನೆ ನೋಡಿ ಬಂದು ಅಭಿಪ್ರಾಯ ಹೇಳುವ ಹೊಣೆ ನನಗೆ ಬಂತು.

ಹೋಗುವ ಮೊದಲು ಭಾನುವಾರ ದೇವಳಾಲಿಯಲ್ಲಿರುವ ಅಕ್ಕನ ಮನೆಗೆ ಹೋದೆ. ಅಕ್ಕನ ಗಂಡನನ್ನು ನಾವು ಮಾಮಾ ಅನ್ನುತ್ತೇವೆ. ತೋಪಖಾನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಎಲ್ಲ ಕೇಳಿಸಿಕೊಂಡು ಚಹಾದ ಕಪ್ಪು ಕೆಳಗಿಟ್ಟರು.

"ಗಡಿಯಾಗ ಇದ್ದಾಗ ಒಮ್ಮೆ ನಮಗ ಹೇಳಿದ್ರು, ಕೈ ಹಿಡದು ಹಾರಸ್ರಿ, ಹೊರಗಿನ ಮಾಲು ಇನ್ನೂ ಬಂದಿಲ್ಲ ಅಂತ. ಗುಡ್ಡದ ಮ್ಯಾಲಿದ್ದ ನಮ್ಮ ಹುಡುಗ್ರು ರೇಡಿಯೋದಾಗ ಒಂದೇ ಸವನ ಕೇಳ್ತಿದ್ರು, ಇನ್ನೊಂದು ಹಾಕ್ರಿ, ಇನ್ನೊಂದು ಹಾಕ್ರಿ. ನಾವು ತೋಪಿನ ಬಾಜೂಕ ಸುಮ್ನ ಕುಂತಿದ್ವಿ. ಹಂಗ ಸುಮ್ನ ಕುಂಡ್ರೂದು ವೈರಿಗೂ ಬ್ಯಾಡ ತಂಗಿ."

"ಹಂಗಾದ್ರ ನಮ್ಮಲ್ಲೇ ಮಾಡಬೇಕು ಅಂತೀರೇನ್ರಿ ಮಾಮಾ?"

"ಪೂರಾ ಕೇಳು. ಗುರಿ ಮುಟ್ಟದ ಗುಂಡು ಎಲ್ಲಿ ಬೀಳತೈತಿ? ಮುಂದ ಹೋಗಿರೋ ನಮ್ಮ ಹುಡುಗ್ರ ನೆತ್ತಿ ಮ್ಯಾಲ. ಅಂಥಾದ್ದು ಇಲ್ಲಿ ಮಾಡಿದ್ರೇನು, ಎಲ್ಲಿ ಮಾಡಿದ್ರೇನು."

ಒಂದು ಕಡೆ ಗುಂಡಿಲ್ಲದ ತೋಪು, ಇನ್ನೊಂದು ಕಡೆ ನಂಬಲಾಗದ ಗುಂಡು. ಯೇವಲಾ, ವೈಜಾಪುರ ದಾಟಿ ಈರುಳ್ಳಿ ಟ್ರ್ಯಾಕ್ಟರುಗಳ ಹಿಂದೆ ನಿಧಾನಕ್ಕೆ ಸಾಗುತ್ತಿದ್ದ ಜೀಪಿನಲ್ಲಿ ನನಗೆ ಅದೇ ಯೋಚನೆ.

ಕಾರ್ಖಾನೆಯ ಒಡತಿ ಹೆಚ್ಚುಕಡಿಮೆ ನನ್ನ ವಯಸ್ಸಿನವರು. ನಾನು ಮನೆಗೆ ಫೋನಿನಲ್ಲಿ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು, "ನೀವು ಕನ್ನಡದವರಾ ಮೇಡಂ?" ಎಂದರು. ಅವರ ತಂದೆತಾಯಿ ಕುಂದಾಪುರದ ಕಡೆಯಿಂದ ಬಂದು ಇಲ್ಲಿ ಸಸ್ಯಾಹಾರಿ ಹೋಟೆಲು ಹಾಕಿದವರು. ಇವರು ಇಲ್ಲೇ ಓದಿ, ಹೋಟೆಲು ಬಿಟ್ಟು ಉಕ್ಕಿನ ಕೆಲಸಕ್ಕೆ ಇಳಿದವರು. ಖುಷಿಯಾಯಿತು. ಹಿಂದೆಯೇ ಮನಸ್ಸು ಬಿಗಿಯಾಯಿತು.

"ಹೌದ್ರಿ. ಆದ್ರ ಇವತ್ತು ನಾ ತಪಾಸಣೆಗೆ ಬಂದೀನಿ."

"ಗೊತ್ತುಂಟು. ಬನ್ನಿ, ಮೊದಲು ನಮ್ಮ ತಪ್ಪನ್ನೇ ನೋಡುವಿರಂತೆ."

ಉಳಿದಿದ್ದ ಕವಚಗಳನ್ನು ಅವರು ಉದ್ದಕ್ಕೆ ಸೀಳಿಸಿ ಮೇಜಿನ ಮೇಲೆ ಸಾಲಾಗಿ ಇಡಿಸಿದ್ದರು. ಕೆಲವುಗಳ ಗೋಡೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಹಾಗಿದ್ದರೆ ಗುಂಡು ಗಾಳಿಯಲ್ಲಿ ಓಲಾಡಿ ದಾರಿ ತಪ್ಪುತ್ತದೆ.

"ಕಾಯಿಸಿದ ಉಕ್ಕನ್ನು ಒತ್ತುವ ಅಚ್ಚು ಸವೆದಿತ್ತು. ಮೊದಲಿನವು ಸರಿ ಬಂದವು ಅಂತ ಮುಂದಿನವನ್ನು ನಾವು ಅಷ್ಟಾಗಿ ನೋಡಲಿಲ್ಲ. ಮೋಟಾರಿನ ಭಾಗಕ್ಕೆ ಇಷ್ಟು ವ್ಯತ್ಯಾಸ ನಡೀತದೆ, ಇದಕ್ಕೆ ನಡೆಯುವುದಿಲ್ಲ," ಎಂದರು. ಅಚ್ಚು ಬದಲಾಗಿತ್ತು. ಪ್ರತಿಯೊಂದು ಕವಚದ ದಪ್ಪವನ್ನೂ ಧ್ವನಿತರಂಗದಿಂದ ಅಳೆಯುವ ಹೊಸ ಯಂತ್ರ ಬಂದು ಕೂತಿತ್ತು. ಅದರ ಮುಂದೆ ನಿಂತು ನನಗೆ ಬೇಕಾದವನ್ನು ನಾನೇ ಆರಿಸಿ ಅಳೆಸಿದೆ. ಸರಿ ಬಂದವು.

"ಇನ್ನೊಂದು ಪರೀಕ್ಷೆ ಸಿಗಬಹುದಾ?"

"ಅದು ಸಮಿತಿ ಕೈಯಾಗೈತ್ರಿ. ನಾ ನೋಡಿದ್ದನ್ನ ನೋಡಿದಂಗ ಹೇಳ್ತೀನಿ."

"ಅಷ್ಟು ಸಾಕು," ಎಂದು, ಅಪ್ಪನ ಹೋಟೆಲಿನಲ್ಲಿ ನೀರುದೋಸೆ ತಿಂದು ಹೋಗಿ ಎಂದು ಕರೆದರು. ಬೇಡವೆಂದು ಜೀಪಿನಲ್ಲೇ ನನ್ನ ಬುತ್ತಿ ಬಿಚ್ಚಿದೆ.

ಸಮಿತಿ ಮತ್ತೆ ಕೂತಾಗ ನನ್ನ ಮಾತು ಒಳಗೇ ಗಟ್ಟಿಯಾಗಿತ್ತು. "ಹೊರಗಿನ ಮಾಲು ಚೆನ್ನಾಗಿದೆ, ಎರಡು ಮಾತಿಲ್ಲ. ಈಗಿನ ತುರ್ತಿಗೆ ತರಿಸೋಣ. ಆದರೆ ಮಾರುವ ದೇಶಕ್ಕೇ ನಾಳೆ ಗುಂಡು ಬೇಕಾದರೆ ನಮಗೆ ಕೊಡುವುದಿಲ್ಲ. ಅವತ್ತು ನಾವು ಕಲಿಯಲು ಕೂತರೆ ಹೊತ್ತು ಮೀರಿರುತ್ತದೆ. ಈ ಕಾರ್ಖಾನೆ ಯಾಕೆ ಸೋತೆವು ಅಂತ ತಾನೇ ಕಂಡುಕೊಂಡಿದೆ. ಇನ್ನೊಂದು ಪರೀಕ್ಷೆ ಕೊಡೋಣ. ಅದರಲ್ಲೂ ಸೋತರೆ ಬಾಗಿಲು ಮುಚ್ಚಿ ಅಂತ ನಾನೇ ಹೇಳುತ್ತೇನೆ."

ಹಿರಿಯ ಅಧಿಕಾರಿ ನಸುನಕ್ಕರು. "ಆಕೆ ನಿಮ್ಮ ಕನ್ನಡದವರಂತೆ?"

ಕೋಣೆಯಲ್ಲಿ ಎಲ್ಲರೂ ನನ್ನತ್ತ ನೋಡಿದರು. ಮುಖ ಬಿಸಿಯಾಯಿತು, ಆದರೂ ದನಿ ಏರಿಸಲಿಲ್ಲ. "ಹೌದು ಸರ್. ಅದಕ್ಕೇ ಎರಡನೇ ಪರೀಕ್ಷೆ ನನ್ನ ಕೈಯಲ್ಲಿ ಬೇಡ. ಬೇರೆ ಊರಿನ ಎಂಜಿನಿಯರನ್ನು ಕರೆಸಿ. ನನಗಿಂತ ಬಿಗಿಯಾದವರನ್ನೇ ಕರೆಸಿ."

ಅವರು ನಗು ನಿಲ್ಲಿಸಿ ನನ್ನ ವರದಿಯ ಹಾಳೆಗಳನ್ನು ಮತ್ತೊಮ್ಮೆ ತಿರುವಿದರು. ಆಮೇಲೆ ಒಪ್ಪಿದರು.

ಹೊರಗಿನಿಂದ ಬರಬೇಕಾದ ಮಾಲಿನಲ್ಲಿ ಮೊದಲ ಕಂತು ಹೇಳಿದ ಸಮಯಕ್ಕೆ ಬಂತು. ಎರಡನೆಯದು ಬರಲಿಲ್ಲ; ಮಾರುವ ದೇಶದ ನೆರೆಯಲ್ಲಿ ಯುದ್ಧ ಶುರುವಾಗಿ, ಇದ್ದದ್ದನ್ನು ಅವರೇ ಉಳಿಸಿಕೊಂಡರು. ನಾನು ಹೇಳಿದ್ದು ನಿಜವಾಯಿತೆಂದು ಸಂತೋಷವೇನೂ ಆಗಲಿಲ್ಲ. ಸಂಭಾಜಿನಗರದ ಕವಚಗಳು ಇನ್ನೂ ಪರೀಕ್ಷೆ ದಾಟಿರಲಿಲ್ಲ.

ಪರೀಕ್ಷೆಗೆ ಬಂದ ಹೊರಊರಿನ ಎಂಜಿನಿಯರ್ ನಿಜಕ್ಕೂ ಬಿಗಿ ಮನುಷ್ಯ. ಹಾರಿಸುವ ಮೊದಲೇ ಒಂದು ರಾಶಿ ಕವಚ ತೆಗೆದುಹಾಕಿದರು. ಆ ಸಂಜೆ ಒಡತಿ ಫೋನು ಮಾಡಿ ಸುದ್ದಿ ಹೇಳಿದರು.

"ನೀವೇನಂದ್ರಿ?" ಎಂದೆ.

"ಸರಿ ಅಂದೆ ಮೇಡಂ. ಬೇರೆ ಕವಚ ಮಾಡ್ತಾ ಇದ್ದೇವೆ."

ಹಾರಿಸುವ ದಿನ ನಾನು ಬೇಲಿಯ ಆಚೆ ನಿಂತಿದ್ದೆ. ಒಂದಾದ ಮೇಲೊಂದರಂತೆ ಗುಂಡುಗಳು ಹೋದವು, ಎಲ್ಲವೂ ಗುರುತು ಹಾಕಿದ ಜಾಗದೊಳಗೇ ಬಿದ್ದವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಡತಿ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ ಬಹಳ ಹೊತ್ತು ಅಲ್ಲೇ ನಿಂತರು. ಹಿರಿಯ ಅಧಿಕಾರಿ ನನ್ನ ಹತ್ತಿರ ಬಂದು, "ಮುಂದಿನ ಮಾಲನ್ನೂ ಇದೇ ಹೊರಊರಿನ ಮನುಷ್ಯ ನೋಡಲಿ," ಎಂದರು. ನಾನೂ ಅದನ್ನೇ ಬಯಸಿದ್ದೆ.

ಕೆಲವು ಬಗೆಯ ಗುಂಡುಗಳನ್ನು ನಾವು ಈಗಲೂ ಹೊರಗಿನಿಂದಲೇ ತರಿಸುತ್ತೇವೆ, ನಾನು ಬೇಡ ಅನ್ನುವುದಿಲ್ಲ. ನನಗೆ ಬೇರೊಂದು ಹೊಸ ಕಾರ್ಖಾನೆಯ ಹೊಣೆ ಕೊಟ್ಟಿದ್ದಾರೆ. ಅವರ ಮೊದಲ ಕವಚಗಳನ್ನು ಹೋದ ವಾರ ತಿರಸ್ಕರಿಸಿ, ಯಾಕೆಂದು ಎದುರಿಗೆ ಕೂತು ವಿವರಿಸಿ ಬಂದೆ. ಮಾಲೀಕರ ಮುಖ ಸಣ್ಣದಾಗಿತ್ತು. ಸೋಮವಾರ ಮತ್ತೆ ಹೋಗುತ್ತೇನೆ.