ನಾಲ್ಕನೇ ಅಧ್ಯಾಯ ಟೈಪ್ ಮಾಡಿದವಳು

ವಿಶ್ವವಿದ್ಯಾಲಯದ ಹಿಂಬಾಗಿಲ ಎದುರಿನ ಅಂಗಡಿಯಲ್ಲಿ ಮೂವತ್ತು ವರ್ಷ ಪಿಎಚ್.ಡಿ. ಪ್ರಬಂಧಗಳನ್ನು ಟೈಪ್ ಮಾಡಿದ ಆಕೆಯನ್ನು ಎಲ್ಲರೂ ಟೈಪಿಂಗ್ ಅಕ್ಕ ಎನ್ನುತ್ತಿದ್ದರು. ಓದಿದ್ದು ಹತ್ತನೇ ತರಗತಿ. ಅಡಿಟಿಪ್ಪಣಿ ತಪ್ಪಿದರೆ ಪ್ರೊಫೆಸರರ ಕಿವಿಯನ್ನೂ ಹಿಂಡುತ್ತಿದ್ದಳು. ಪಕ್ಕದ ಮೇಜಿನಲ್ಲಿ ಅವಳ ತಮ್ಮ ಆ ಪ್ರಬಂಧಗಳಿಗೆ ರಟ್ಟು ಕಟ್ಟುತ್ತಿದ್ದ.

ಆ ವರ್ಷ ಒಂದೇ ಜನಪದ ಕಥೆಯ ಮೇಲೆ ಮೂರು ಪ್ರಬಂಧ ಬಂದವು. ಕುರಿ ಮೇಯಿಸುವ ಮುದುಕಿಯೊಬ್ಬಳು ತನ್ನ ಗುಡ್ಡವನ್ನು ದೊಡ್ಡಮನೆಯವರಿಗೆ ಖುಷಿಯಿಂದ ಒಪ್ಪಿಸಿ ಊರು ಬಿಟ್ಟ ಕಥೆ ಅದು. ಅದರಲ್ಲಿ ಎಲ್ಲರೂ ಮಾತಾಡುತ್ತಾರೆ, ಮುದುಕಿಗೆ ಮಾತ್ರ ಒಂದು ಮಾತೂ ಇಲ್ಲ ಎಂದು ಸಾಹಿತ್ಯ ವಿಭಾಗದ ಹುಡುಗ ತೋರಿಸಿದ್ದ. ಬೇರೆ ದಾರಿಯೇ ಇಲ್ಲದವರು ‘ಹೂಂ’ ಅಂದರೆ ಅದು ಒಪ್ಪಿಗೆಯೇ ಎಂದು ತತ್ವಶಾಸ್ತ್ರದವಳು ಕೇಳಿದ್ದಳು. ಸಂಸ್ಕೃತಿ ಅಧ್ಯಯನದ ಹುಡುಗಿ ಇಬ್ಬರ ಬರಹವನ್ನೂ ಓದಿಕೊಂಡು, ಈ ಕಥೆಯನ್ನು ಮೊದಲು ಅಚ್ಚು ಹಾಕಿಸಿದವರು ಯಾರೆಂದು ಹುಡುಕಹೊರಟಳು.

“ಅವರಿಬ್ರು ಕೇಳ್ದೇ ಇದ್ದಿದ್ರೆ ನನ್ ಪ್ರಶ್ನೆ ಹುಟ್ತಾನೇ ಇರ್ಲಿಲ್ಲ ಅಕ್ಕಾ,” ಎಂದಿದ್ದಳು.

ಉತ್ತರ ಅವಳ ನಾಲ್ಕನೇ ಅಧ್ಯಾಯದಲ್ಲಿತ್ತು. ಅಚ್ಚು ಹಾಕಿಸಿದ್ದು ಕಥೆಯಲ್ಲಿ ಬರುವ ಆ ದೊಡ್ಡಮನೆಯವರೇ, ಅದೇ ಗುಡ್ಡದಲ್ಲಿ ಕಲ್ಲುಗಣಿ ತೆರೆದ ವರ್ಷ. ಅದಕ್ಕೆ ಮುಂಚೆ ಆ ಕಥೆ ಯಾರ ಬಾಯಲ್ಲೂ ಇರಲಿಲ್ಲ. ಆ ಮನೆಯ ಯಜಮಾನರು ಈಗ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿದ್ದರು.

ಟೈಪ್ ಮುಗಿದ ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟವನೊಬ್ಬ ಅಂಗಡಿಗೆ ಬಂದು ಕುಳಿತ.

“ನಾಲ್ಕನೇ ಅಧ್ಯಾಯದಲ್ಲಿ ತುಂಬಾ ತಪ್ಪಿದೆಯಂತೆ. ಅಳಿಸಿಬಿಡಿ.”

“ಇನ್ನೂ ಪ್ರಿಂಟೇ ತೆಗ್ದಿಲ್ಲ. ನಿಮಗೆ ಹೇಗ್ ಗೊತ್ತು?”

ಅವನು ನಕ್ಕು, ತಮ್ಮನ ಹೆಗಲು ತಟ್ಟಿ ಹೊರಟುಹೋದ. ತಮ್ಮ ತಲೆ ಎತ್ತಲಿಲ್ಲ. “ನಮಗ್ಯಾಕಕ್ಕ ಇಲ್ಲದ ಉಸಾಬರಿ? ನಿನ್ ಒಳ್ಳೇದಕ್ಕೇ ದೊಡ್ಡಮನೆಯವ್ರಿಗೆ ಹೇಳ್ದೆ,” ಎಂದ. ಅಕ್ಕ ಕೂಡಲೇ ಫೋನ್ ಎತ್ತಿಕೊಂಡಳು.

ಹುಡುಗಿಯ ಫೋನ್ ಸ್ವಿಚ್ ಆಫ್. ಹಾಸ್ಟೆಲ್ ಕೋಣೆಗೆ ಹೊಸ ಬೀಗ. “ರೂಮ್ ಬಿಡ್ತೀನಂತ ಅವಳೇ ಬರ್ದುಕೊಟ್ಟು ಹೋದ್ಳಮ್ಮ, ಖುಷಿಯಾಗೇ ಹೋದ್ಳು,” ಎಂದಳು ವಾರ್ಡನ್, ಅಕ್ಕನ ಮುಖ ನೋಡದೆ.

ಅಕ್ಕ ಅಧ್ಯಾಯದ ಪ್ರಿಂಟ್ ತೆಗೆದು ಉಳಿದಿಬ್ಬರ ಬಳಿಗೆ ಒಯ್ದಳು. ಸಾಹಿತ್ಯದ ಹುಡುಗ ಕೈಮುಗಿದ: “ಬೇಡಕ್ಕ, ನಂದು ಬರೀ ಕಥೆ ಬಗ್ಗೆ.” ತತ್ವಶಾಸ್ತ್ರದವಳು ಬಾಗಿಲು ಹಾಕಿಕೊಂಡು ಓದಿದಳು. ಅದನ್ನು ತನ್ನ ಪ್ರಬಂಧಕ್ಕೆ ಅನುಬಂಧವಾಗಿ ಸೇರಿಸಲು ಹೇಳಿದಳು, ಬರೆದವಳ ಹೆಸರಿನಲ್ಲೇ. ರಟ್ಟು ಕಟ್ಟಲು ತಮ್ಮ ಒಪ್ಪಲಿಲ್ಲ. ಅಕ್ಕ ತಾನೇ ಗೋಂದು ಹಚ್ಚಿದಳು.

ತತ್ವಶಾಸ್ತ್ರದವಳ ಪ್ರಬಂಧ ಸಲ್ಲಿಕೆಯಾಯಿತು. ಮೌಖಿಕ ಪರೀಕ್ಷೆ ಮೂರು ಸಲ ಮುಂದಕ್ಕೆ ಹೋಯಿತು. ಅಂಗಡಿ ಖಾಲಿ ಮಾಡಲು ನೋಟಿಸ್ ಬಂತು. ಒಂದು ಮಧ್ಯಾಹ್ನ ಹುಡುಗಿಯ ತಾಯಿಯೇ ಬಂದು ನಿಂತಳು: “ಮಗಳು ಮನೆಗೆ ಬಂದೇ ಇಲ್ಲ ಕಣಮ್ಮ. ನಿಮ್ಮತ್ರ ಏನಾದ್ರೂ ಇದ್ದಾಳಾ?”

ಅಕ್ಕ ಎರಡು ಪುಟದ ದೂರು ಟೈಪ್ ಮಾಡಿ, ಆಕೆಯ ಜೊತೆ ಪೊಲೀಸ್ ಠಾಣೆಗೆ ನಡೆದಳು. ದೂರಿನ ಮೇಲೆ ಮೊಹರು ಬಿತ್ತು, ಉತ್ತರ ಬಂದಿಲ್ಲ. ಪ್ರತಿ ಸೋಮವಾರ ಇಬ್ಬರೂ ಹೋಗಿ ಠಾಣೆಯ ಬೆಂಚಿನ ಮೇಲೆ ಕೂರುತ್ತಾರೆ. ಕಳೆದ ವಾರದಿಂದ ಆ ಬೆಂಚೂ ಇಲ್ಲ, ನಿಂತೇ ಕಾಯುತ್ತಾರೆ.